ಕೇರೆ ಹಾವಿನ ತತ್ತಿಗಳು

ಬ್ಯಾಡಗಿ
೬ ಜೂನ್ ೨೦೦೫

ಚಿ. ಪುಷ್ಪಲತಾಗ,

ನಿಮ್ಮ ಅತ್ತಿ ಜಯವ್ವ ಮಾಡುವ ಆಶೀರ್ವಾದ. "ಚಿ." ಅಂತ ಬರದ ಮ್ಯಾಲ ಕೈ ನಿಂತ ಬಿಡ್ತು. ಹೋದ ವರ್ಷ ನೀ ಪಂಚಮಿಗೆ ತವರಿಗೆ ಹೋದಾಗ "ಚಿ. ಸೌ." ಅಂತ ಬರದಿದ್ದೆ. ಈಗ ಆ ಎರಡನೇ ಅಕ್ಷರ ಬರಿಯೂಹಂಗಿಲ್ಲ. ಎರಡು ಹಾಳಿ ಹರದು ಒಗದೆ. ಅದು ಇರ್ಲಿ.

ಫೋನ್ ಮಾಡಬಹುದಿತ್ತು. ಮಾಡಿದ್ರ ಒಂದೋ ಅಳತೇವಿ, ಇಲ್ಲಾ ಜಗಳಾಡತೇವಿ. ಏಳನೇತ್ತೆ ಓದಿದ್ದು ಇದಕ್ಕರ ಉಪಯೋಗ ಆಗ್ಲಿ ಅಂತ ಬರಿಯಾಕತ್ತೇನಿ. ಮಾತಾಡಿದಂಗ ಬರೀತೇನಿ, ನೀ ಕೋರ್ಟಿನ ಕಾಗದಾ ಟೈಪ್ ಮಾಡಾಕಿ, ತಪ್ಪು ಹುಡುಕಬ್ಯಾಡ.

ವಿಷಯ ಹಾವಿಂದು. ನನ್ನ ಮಗ ವೀರೇಂದ್ರ ಹೋದಮ್ಯಾಲ ನಾ ಹಿಂದಿನ ಗೋದಾಮಿನ ಬಾಗಲಾ ತಗದಿರಲಿಲ್ಲ. ಅಂವ ಸಾಕಿದ್ದ ಎರಡು ಕೇರಿ ಹಾವಿಗೆ ಬಾಜೂಮನಿ ಬಿಸ್ಮಿಲ್ಲಾಬಿಯ ಗಂಡ ಮೆಹಬೂಬ ಇಲಿ ಹಾಕತಿದ್ದ. ಈಗ ಅಂವ ದುಡಿಯಾಕ ಗೋವಾಕ್ಕ ಹೋಗ್ಯಾನ. ನಿನ್ನೆ ನಾನ ನೀರು ಇಡಾಕ ಹೋದೆ. ವೀರೇಂದ್ರ ಸಿಮೆಂಟ್ ತೊಟ್ಟ್ಯಾಗ ಮರಳು ತುಂಬಿ ಅಡ್ಡ ಮಲಗಿಸಿಟ್ಟ ಗಡಿಗಿ ಐತೆಲ್ಲ, ಅದರಾಗ ಹೆಣ್ಣಹಾವು, ನೀವು ಹಳದಿ ಅಂತಿದ್ರಲ್ಲ ಅದು, ಸುತ್ತಿಕೊಂಡು ಕುಂತಿತ್ತು. ನಡುವ ಬೆಳ್ಳಗ ತತ್ತಿ. ಕೋಳಿ ತತ್ತಿಗಿಂತ ಸಣ್ಣವು, ಉದ್ದಕ ಅದಾವ.

ಹೋಗೂಕಿಂತ ಮೊದಲ ಅಂವ ಹಳದೀನ ಮತ್ತ ಗಂಡಹಾವು ಉದ್ದಾಂವನ್ನ ಒಂದ ತೊಟ್ಟಿಗೆ ಬಿಟ್ಟಿದ್ದ. ಮರಿ ಆಗ್ಲಿ ಅಂತ. ಮರಿ ನೋಡಾಕ ಅಂವನ ಇಲ್ಲ.

ಒಲಿಗೆ ಹಾಕ್ರಿ ಅಂತಾರ ಓಣ್ಯಾಗ. ಹಾವಿನ ದೋಷದಿಂದನ ಹುಡುಗ ಹೋದ ಅಂತ ಇನ್ನೂ ಅಂತಾರ. ನಾನೂ ಅಂದಾಕಿನ. ಆದ್ರ ಅಂವ ಮಾಡಿಟ್ಟು ಹೋದದ್ದನ್ನ ಒಲಿಗೆ ಹಾಕಾಕ ನನ್ನ ಕೈಲೆ ಆಗೂದಿಲ್ಲ. ಏನ್ ಮಾಡ್ಲಿ, ನೀನ ಹೇಳು.

ನಿನ್ನ ಅತ್ತಿ,
ಜಯವ್ವ

*

ಹಾವೇರಿ
೧೧ ಜೂನ್ ೨೦೦೫

ಅತ್ತೆಯವರಿಗೆ,

ಪುಷ್ಪಲತಾ ಮಾಡುವ ನಮಸ್ಕಾರಗಳು. ನಿಮ್ಮ ಪತ್ರ ತಲುಪಿತು.

ಕೋರ್ಟಿನ ಎದುರಿಗಿನ ಈ ಅಂಗಡಿಯಲ್ಲಿ ದಿನವಿಡೀ ಊರವರ ಜಗಳಗಳನ್ನು ಟೈಪ್ ಮಾಡುತ್ತೇನೆ. ಅಣ್ಣತಮ್ಮಂದಿರದು, ಗಂಡಹೆಂಡಿರದು. ಸಂಜೆಗೆ ಕಣ್ಣು ಉರಿಯುತ್ತವೆ. ಇನ್ನೊಂದು ಜಗಳಕ್ಕೆ ನನ್ನಲ್ಲಿ ತ್ರಾಣವಿಲ್ಲ. ಆದರೂ ದೋಷದ ಮಾತು ಬಂದದ್ದರಿಂದ ಒಂದು ಸಲ ಬರೆದುಬಿಡುತ್ತೇನೆ. ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಅಗಲ ಮಾಡಲು ಸುರಿದಿದ್ದ ಮಣ್ಣಿನ ರಾಶಿಗೆ ಅವರ ಬೈಕು ಬಡಿಯಿತು. ಅಲ್ಲಿ ಒಂದು ದೀಪವಿರಲಿಲ್ಲ. ರಾಣೇಬೆನ್ನೂರಿನಲ್ಲಿ ಯಾರದೋ ಮನೆಗೆ ನುಗ್ಗಿದ್ದ ಹಾವನ್ನು ಹಿಡಿದು ಚೀಲದಲ್ಲಿ ತರುತ್ತಿದ್ದರು. ಚೀಲದೊಳಗಿನ ಹಾವು ಬದುಕಿತ್ತು. ಬದುಕಿದ್ದೇ ಅದರ ತಪ್ಪಾಯಿತು.

ಮಣ್ಣು ಕೊಟ್ಟ ದಿನ ಹತ್ತು ಜನರ ಮುಂದೆ ನೀವು, "ನೀನರ ಬ್ಯಾಡ ಅನ್ನಬೇಕಿತ್ತು, ಹಾವು ಸಾಕಾಕ ನೀನೂ ಕೈ ಜೋಡಿಸಿದಿ" ಅಂದಿರಿ. ನಾನು ಮನೆ ಬಿಟ್ಟದ್ದು ಅದಕ್ಕೇ. ಇನ್ನು ಆ ಮಾತು ಬೇಡ.

ತತ್ತಿಗಳ ವಿಷಯ. ಗಡಿಗೆ ಇದ್ದಲ್ಲಿಯೇ ಇರಲಿ. ಎರಡು ದಿನಕ್ಕೊಮ್ಮೆ ಸುತ್ತಲಿನ ಮರಳಿಗೆ ನೀರು ಚಿಮುಕಿಸಿ, ತತ್ತಿಯ ಮೇಲೆ ಬೀಳಬಾರದು. ಬೆಕ್ಕು ಒಳಗೆ ಬರದಂತೆ ಬಾಗಿಲು ಹಾಕಿ. ಪಂಚಮಿಯ ಹೊತ್ತಿಗೆ ಮರಿ ಹೊರಬರಬೇಕು. ಹಾವೆಂದರೆ ನಿಮಗೆ ಹೇಸಿಗೆ ಎಂದು ಗೊತ್ತಿದೆ, ದೂರದಿಂದ ನೀರು ಹಾಕಿದರೆ ಸಾಕು.

ರಾಣೇಬೆನ್ನೂರಿನ ಫಾರೆಸ್ಟ್ ಗಾರ್ಡ್ ಮೈಲಾರೆಪ್ಪನವರ ಜೊತೆ ಮಾತಾಡಿದ್ದೇನೆ. ಮನೆಯಲ್ಲಿ ಹಾವು ಸಾಕುವುದು ಕಾಯಿದೆಗೆ ವಿರುದ್ಧ ಎಂದು ಇವರಿಗೆ ಎಷ್ಟೋ ಸಲ ಹೇಳಿದ್ದವರು. ಮರಿಯಾದ ಮೇಲೆ ದೊಡ್ಡವು ಸಣ್ಣವು ಎಲ್ಲವನ್ನೂ ಅಲ್ಲಿಯ ಕಾಡಿಗೆ ಬಿಡೋಣ, ಅಲ್ಲಿಯವರೆಗೆ ನಾನು ನೋಡಿಲ್ಲ, ನೀವು ಹೇಳಿಲ್ಲ ಅಂದರು. ಆ ಮರಿಗಳನ್ನು ಕಾಡಿಗೆ ಬಿಡುವ ದಿನ ನಾನು ಬರುತ್ತೇನೆ. ಇವರ ಕೆಲಸ ಅಷ್ಟಾದರೂ ಪೂರ್ತಿಯಾಗಲಿ.

ಇಂತಿ,
ಪುಷ್ಪಲತಾ

*

ಬ್ಯಾಡಗಿ
೨೭ ಜೂನ್ ೨೦೦೫

ಚಿ. ಪುಷ್ಪಲತಾಗ ಆಶೀರ್ವಾದ.

ನೀ ಹೇಸಿಗಿ ಅಂದಿ. ಹೇಸಿಗಿ ಅಲ್ಲ, ಅಂಜಿಕಿ. ಎರಡಕ್ಕೂ ಫರಕ ಐತಿ.

ಇಲಿ ಬೋನು ನಾನ ಇಡಾಕತ್ತೇನಿ. ದಲಾಲಿ ಅಂಗಡ್ಯಾಗ ಮೆಣಸಿನಕಾಯಿ ತೊಟ್ಟು ಮುರದು ಬಂದ ಮ್ಯಾಲ ಕೈ ಉರಿತಿರತಾವ, ಅದರಾಗ ಇದೊಂದು ಕೆಲಸ. ಕೇರಿಹಾವು ತಿನ್ನೋರ ಊರಿಗೆ ಹೋದ್ರ ನಡು ತುಂಡು ನನಗಿರ್ಲಿ ಅನ್ನಬೇಕಂತ. ನಾ ಈ ವಯಸ್ಸಿನ್ಯಾಗ ಕೇರಿಹಾವಿಗೆ ಉಣ್ಣಾಕ ಹಾಕೂದು ಕಲತೇನಿ, ಯಾವ ಊರಿಗೆ ಬಂದೇನೋ ನಾ.

ಕೇರಿ ಬಾಲ ಬಡದ್ರ ಬಡದ ಜಾಗಾ ಕೊಳಿತೈತಿ ಅಂತ ನಮ್ಮವ್ವ ಹೇಳತಿದ್ಲು. ಮೊನ್ನೆ ಉದ್ದಾಂವ ನನ್ನ ಮೊಣಕೈಗೆ ಬಾಲ ಬಡದ. ದಿನಾ ತಗದು ನೋಡಕೊಳ್ಳಾಕತ್ತೇನಿ, ಇನ್ನೂ ಕೊಳತಿಲ್ಲ. ನಮ್ಮವ್ವ ಇನ್ನೂ ಏನೇನು ಸುಳ್ಳು ಹೇಳಿದ್ಲೋ.

ಮೊದಲನೇ ಸಲ ಅಂವ ಹಾವು ತಂದದ್ದು ನಿನಗ ಗೊತ್ತಿರಲಿಕ್ಕಿಲ್ಲ, ಮದವಿ ಮುಂಚಿನ ಮಾತು. ಗೋದಾಮಿನ್ಯಾಗ ಇಲಿ ಚೀಲಾ ಕಡದು ಹಾಳಮಾಡಿದ್ದವು. ಮಂದಿ ಪಾಷಾಣಾ ಇಡ್ರಿ ಅಂದ್ರು. ಇಂವ ಹೊಲದಾಗಿಂದ ಕೇರಿಹಾವು ತಂದು ಬಿಟ್ಟ. ನಾ ಎರಡು ದಿನ ಬಿಸ್ಮಿಲ್ಲಾಬಿ ಮನ್ಯಾಗ ಮಲಗಿದೆ. "ಯವ್ವಾ, ಅದು ನಿನ್ನ ಕಂಡ್ರ ನಿನಗಿಂತ ಜಾಸ್ತಿ ಅಂಜತೈತಿ" ಅಂತ ನಗತಿದ್ದ.

ಆ ನಗಿ ಈಗ ಗೋದಾಮಿನ್ಯಾಗ ಕೇಳಿದಂಗ ಆಗತೈತಿ. ಅದಕ್ಕ ಒಂದೀಟು ಹೊತ್ತು ಜಾಸ್ತಿನ ಕುಂತು ಬರ್ತೇನಿ.

ನಿನ್ನ ಅತ್ತಿ,
ಜಯವ್ವ

*

ಹಾವೇರಿ
೫ ಜುಲೈ ೨೦೦೫

ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಮೊಣಕೈಯ ಸುದ್ದಿ ಓದಿ ಅಂಗಡಿಯಲ್ಲೇ ನಕ್ಕೆ. ಪಕ್ಕದವರು ತಿರುಗಿ ನೋಡಿದರು. ಗಂಡ ಸತ್ತು ಮೂರು ತಿಂಗಳಾಗಿಲ್ಲ, ನಗುತ್ತಾಳಲ್ಲ ಎಂದುಕೊಂಡಿರಬೇಕು. ಇಲ್ಲಿ ಅಣ್ಣನ ಮನೆಯಲ್ಲಿ ನನಗೆ ಯಾರೂ ಕೆಟ್ಟದ್ದು ಮಾಡಿಲ್ಲ. ಆದರೆ ನಾನು ಒಳಗೆ ಬಂದರೆ ಮಾತು ನಿಲ್ಲುತ್ತದೆ. ಮರುಕಕ್ಕೂ ಒಂದು ಭಾರವಿದೆ ಅತ್ತೆ, ಹೊತ್ತು ಹೊತ್ತು ಸಾಕಾಗಿದೆ.

ಆ ಎರಡನ್ನೂ ಜೊತೆಗೆ ಬಿಟ್ಟ ದಿನ ನಾವಿಬ್ಬರೂ ತೊಟ್ಟಿಯ ಪಕ್ಕದಲ್ಲಿ ಚೀಲ ಹಾಸಿಕೊಂಡು ಕೂತಿದ್ದೆವು. ಒಂದಕ್ಕೊಂದು ಹೆಣೆದುಕೊಂಡು ತೊಟ್ಟಿಯ ತುಂಬ ಹರಿದಾಡಿದವು. ಇವರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಊಟಕ್ಕೆ ನೀವು ಹೊರಗಿನಿಂದ ಕೂಗಿದಿರಿ, ನೆನಪಿದೆಯೇ? "ಯವ್ವಾ, ಒಳಗ ಬಂದು ನೋಡು" ಅಂದರು. ನೀವು ಬರಲಿಲ್ಲ. "ನಮ್ಮವ್ವನ್ನ ಒಂದ ದಿನ ಈ ತೊಟ್ಟಿ ಕಡೆ ಕುಂದರಸ್ತೇನಿ ನೋಡು" ಅಂತ ನನ್ನ ಹತ್ತಿರ ಪಂಥ ಕಟ್ಟಿದ್ದರು. ಗೆದ್ದರು, ನೋಡಿ.

ತತ್ತಿಗಳು ಹೇಗಿವೆ ಬರೆಯಿರಿ. ಬೆಳ್ಳಗೇ ಇವೆಯೇ, ಬಣ್ಣ ತಿರುಗಿವೆಯೇ? ಈಚೆಗೆ ಟೈಪ್ ಮಾಡುತ್ತ ಕೂತಾಗ ಅವುಗಳದೇ ಯೋಚನೆ. ಅವರದೆಂದು ಜೀವಂತವಾಗಿ ಹೊರಗೆ ಬರುವುದು ಇನ್ನು ಅದೊಂದೇ.

ಇಂತಿ,
ಪುಷ್ಪಲತಾ

*

ಬ್ಯಾಡಗಿ
೧೬ ಜುಲೈ ೨೦೦೫

ಚಿ. ಪುಷ್ಪಲತಾಗ ಆಶೀರ್ವಾದ.

ತತ್ತಿ ಚಲೋ ಅದಾವ. ಒಂದೆರಡು ತುಸು ಬಣ್ಣ ತಿರುಗ್ಯಾವ, ಉಳದವು ಬೆಳ್ಳಗ ಅದಾವ. ಚಿಂತಿ ಬಿಡು, ನಾ ಕೈ ಬಿಟ್ಟಿಲ್ಲ.

ನಿನಗ ಬರದಿದ್ದಿಲ್ಲ. ಮೊದಲ ನಾಕು ದಿನ ದೂರ ನಿಂತು ನೀರು ಚಿಮುಕಿಸಿ ಬರತಿದ್ದೆ. ಆಮ್ಯಾಲ ನೋಡಿದೆ, ಹಳದಿ ಬರೇ ಸುತ್ತಿಕೊಂಡು ಕುಂದರತೈತಿ, ತತ್ತಿ ಹೊಳ್ಳಸೂದ ಇಲ್ಲ. ನಮ್ಮ ಕೋಳಿ ಕಾವಿಗೆ ಕುಂತ್ರ ದಿನಾ ತತ್ತಿ ಹೊಳ್ಳಸತೈತಿ, ಎಲ್ಲಾ ಕಡೆ ಕಾವು ಹತ್ತಲಿ ಅಂತ ಕಾಲಲೆ ಸರಸತೈತಿ. ಇದಕ್ಕ ಪಾಪ ಕಾಲ ಇಲ್ಲ. ಯಾತಲೆ ಹೊಳ್ಳಸಬೇಕು? ಅದಕ್ಕ ಆಕಿ ನೀರಿಗೆ ಹೋದಾಗ ನಾನ ಗಡಿಗ್ಯಾಗ ಕೈ ಹಾಕಿದೆ. ಒಂದಕ್ಕೊಂದು ಅಂಟಿಕೊಂಡಿದ್ದವು, ಉಗುರು ತಾಗದಂಗ ಸಾವಕಾಶ ಬಿಡಿಸಿದೆ. ಆವತ್ತಿಂದ ದಿನಾ ಮುಂಜಾನೆ ಒಂದೊಂದನ್ನ ಮಗ್ಗಲಾ ಬದಲಿ ಮಾಡತೇನಿ. ಮೆಣಸಿನಕಾಯಿ ಘಾಟು ಹತ್ತಬಾರದಂತ ಸಬಕಾರ ಹಚ್ಚಿ ಕೈ ತೊಳಕೊಂಡ ಮುಟ್ಟತೇನಿ.

ನಾ ಕಾವಿಗಿಟ್ಟ ತತ್ತಿ ಇವತ್ತಿನತನಕಾ ಕೆಟ್ಟಿಲ್ಲ, ಬೇಕಾದ್ರ ಓಣಿಯವರನ್ನ ಕೇಳು. ಮಂದಿ ತಮ್ಮ ಕೋಳಿ ತಂದು ನನ್ನ ಕಡೆ ಕುಂದರಸ್ತಾರ.

ಹಾವಿನ ತತ್ತಿ ಕೋಳಿಯದರಂಗ ಗಟ್ಟಿ ಅಲ್ಲ. ಮೆತ್ತಗ ಇರತಾವ. ನಿನ್ನ ಗಂಡ ಕೂಸಿದ್ದಾಗ ಅವನ ಹಿಮ್ಮಡ ಹಿಂಗ ಇತ್ತು.

ಮುಟ್ಟಿದ ಮ್ಯಾಲ ಅಂಜಿಕಿ ಹೋತು. ಅಂವ ಕರದಾಗ ಒಳಗ ಬರಬೇಕಿತ್ತು ನಾ. ಈಗ ಏನಂದ್ರ ಏನು. ಪಂಚಮಿ ಬರ್ಲಿ, ಮರಿ ನೋಡಿದ್ರ ನಿನಗೂ ಜೀವ ಹಗರ ಆಕ್ಕೈತಿ.

ನಿನ್ನ ಅತ್ತಿ,
ಜಯವ್ವ

*

ಹಾವೇರಿ
೨೦ ಜುಲೈ ೨೦೦೫

ಮೈಲಾರೆಪ್ಪ ಅಣ್ಣಾವರಿಗೆ ನಮಸ್ಕಾರಗಳು.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಬ್ಯಾಡಗಿಯಲ್ಲಿ ಹಳದಿ ಇಟ್ಟ ತತ್ತಿಗಳನ್ನು ನಮ್ಮ ಅತ್ತೆ ಮೊದಲ ವಾರದಿಂದ ದಿನಾ ಹೊರಳಿಸುತ್ತ ಬಂದಿದ್ದಾರೆ. ಕೋಳಿ ತತ್ತಿಯ ಹಾಗೆ. ನಿನ್ನೆ ಅವರ ಪತ್ರದಿಂದ ಗೊತ್ತಾಯಿತು.

ಹೋದ ವರ್ಷ ಯಾರದೋ ಹೊಲದಲ್ಲಿ ಸಿಕ್ಕ ತತ್ತಿಗಳನ್ನು ತಂದಾಗ ಇವರು ಒಂದೊಂದರ ನೆತ್ತಿಗೂ ಪೆನ್ಸಿಲಿನಿಂದ ಚುಕ್ಕೆ ಇಟ್ಟಿದ್ದರು.‌ ಹಾವಿನ ತತ್ತಿ ಇಟ್ಟ ಮಗ್ಗುಲಲ್ಲೇ ಇರಬೇಕು, ಚುಕ್ಕೆ ಮೇಲೇ ಇರಬೇಕು, ಹೊರಳಿದರೆ ಒಳಗಿನ ಮರಿ ಉಳಿಯುವುದಿಲ್ಲ ಎಂದು ನನಗೆ ಹೇಳಿಕೊಟ್ಟಿದ್ದರು. ಅತ್ತೆಗೆ ಎಲ್ಲವನ್ನೂ ಬರೆದೆ, ಅದೊಂದನ್ನು ಬರೆಯಲಿಲ್ಲ. ಅವರು ಮುಟ್ಟುವುದೇ ಇಲ್ಲ ಎಂದುಕೊಂಡಿದ್ದೆ. ನಾನು ಅವರನ್ನು ಅಳೆದದ್ದು ಅಷ್ಟೇ.

ಒಂದಾದರೂ ಉಳಿದಿರಬಹುದೇ? ಉತ್ತರ ನನಗೆ ಗೊತ್ತು. ಆದರೂ ಕೇಳುತ್ತಿದ್ದೇನೆ.

ಪತ್ರ ಓದಿದ ಕೂಡಲೇ ಸಿಟ್ಟು ನೆತ್ತಿಗೇರಿತು, ಸುಳ್ಳು ಹೇಳುವುದಿಲ್ಲ. ಮಣ್ಣಿನ ದಿನ ನನಗೆ ಅಂದದ್ದನ್ನು ಬಡ್ಡಿ ಸಮೇತ ತಿರುಗಿಸಿಬಿಡೋಣ ಅನ್ನಿಸಿತು. ಬರೆಯಲು ಕೂತೆ. ಸೋಪು ಹಚ್ಚಿ ಕೈ ತೊಳೆದು ಗಡಿಗೆಯ ಮುಂದೆ ಕೂರುವ ಆ ಮುದುಕಿಯೇ ಕಣ್ಣ ಮುಂದೆ ಬಂದಳು. ಬರೆಯಲಾಗಲಿಲ್ಲ.

ಆಗಸ್ಟಿನಲ್ಲಿ ಬಿಡುವು ಮಾಡಿಕೊಂಡು ಒಮ್ಮೆ ಹೋಗಿ ಬನ್ನಿ. ಹೊರಳಿಸಿದ್ದಕ್ಕೇ ಹೀಗಾಯಿತು ಎಂದು ಮಾತ್ರ ಅವರಿಗೆ ಹೇಳಬೇಡಿ. ನಿಮಗೆ ಕೈ ಮುಗಿಯುತ್ತೇನೆ.

ನಿಮ್ಮ ತಂಗಿ,
ಪುಷ್ಪಲತಾ

*

ಹಾವೇರಿ
೨೩ ಜುಲೈ ೨೦೦೫

ಅತ್ತೆಯವರಿಗೆ ನಮಸ್ಕಾರಗಳು.

ಪತ್ರ ಓದಿ ಸಂತೋಷವಾಯಿತು. ನೀವು ಇಷ್ಟು ಮಾಡುತ್ತೀರಿ ಎಂದು ನಾನು ತಿಳಿದಿರಲಿಲ್ಲ. ಇನ್ನು ಮೇಲೆ ತತ್ತಿಗಳನ್ನು ಮುಟ್ಟುವುದು ಬೇಡ, ಹಾಗೇ ಬಿಟ್ಟುಬಿಡಿ. ಕಡೆಯ ದಿನಗಳಲ್ಲಿ ಅವಕ್ಕೆ ಏನೂ ಬೇಕಾಗುವುದಿಲ್ಲ.

ಇನ್ನೊಂದು ಮಾತು ಬರೆಯುವುದು ಮರೆತಿದ್ದೆ. ಉದ್ದಾಂವ ಇನ್ನೂ ಎಳೆಯದು, ಈ ಸಲ ತತ್ತಿಗಳು ಖಾಲಿ ಹೋದರೂ ಹೋಗಬಹುದು ಎಂದು ಇವರೇ ಅಂದಿದ್ದರು. ಹಾಗೇನಾದರೂ ಆದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಮಳೆ ಹಿಡಿದಿದೆ. ಕೈಕಾಲು ನೋವಿಗೆ ಎಣ್ಣೆ ಹಚ್ಚಿಕೊಳ್ಳಿ.

ಇಂತಿ,
ಪುಷ್ಪಲತಾ

*

ಬ್ಯಾಡಗಿ
೧೭ ಆಗಸ್ಟ್ ೨೦೦೫

ಚಿ. ಪುಷ್ಪಲತಾಗ ಆಶೀರ್ವಾದ.

ಪಂಚಮಿ ಬಂದು ಹೋತು. ನಮ್ಮನ್ಯಾಗ ಸೂತಕದ ವರ್ಷ, ಹಬ್ಬ ಇಲ್ಲ. ಓಣ್ಯಾಗ ಜೋಕಾಲಿ ಕಟ್ಟಿದ್ರು. ಬಾಜೂದವರು ಉಂಡಿ ಕೊಟ್ಟು ಕಳಿಸಿದ್ರು, ಎತ್ತಿಟ್ಟೇನಿ, ಬಾಯಿಗೆ ಹೋಗವಲ್ವು. ಹೆಣ್ಣಮಕ್ಕಳು ಕಲ್ಲ ನಾಗಪ್ಪಗ ಹಾಲು ಎರದು ನಮ್ಮನಿ ಮುಂದ ಹಾದು ಹೋದ್ರು. ಯಾರೂ ಒಳಗ ಬರಲಿಲ್ಲ. ನಾ ಗೋದಾಮಿನ್ಯಾಗ ಕುಂತಿದ್ದೆ.

ಒಂದೂ ಒಡೀಲಿಲ್ಲ. ಕಾಯ್ದೆ. ಮತ್ತ ಕಾಯ್ದೆ. ನೀ ಹೇಳಿದಮ್ಯಾಲ ಮುಟ್ಟೂದು ಬಿಟ್ಟಿದ್ದೆ, ಅದಕ್ಕ ಹಿಂಗಾತೇನೋ ಅನಿಸಿ ಎರಡು ದಿನ ಮತ್ತ ಹೊಳ್ಳಿಸಿದೆ. ಈಗ ವಾಸನಿ ಬರಾಕತ್ತೈತಿ. ಹಳದಿ ಸೈತ ಗಡಿಗಿ ಬಿಟ್ಟು ಮೂಲ್ಯಾಗ ಮಲಗೈತಿ. ತಾಯಿಗೆ ಮೊದಲ ಗೊತ್ತಾಕ್ಕೈತಿ.

ಖಾಲಿ ಇದ್ದವು ಅಂತ ನೀ ಬರದದ್ದನ್ನ ದಿನಾ ಒಮ್ಮೆ ಓದತೇನಿ. ಖಾಲಿ ಇದ್ರ ಯಾರೂ ಸತ್ತಂಗಲ್ಲ.

ಸಾಕಾಗೈತಿ ಪುಷ್ಪಾ. ಹೆಚ್ಚು ಬರಿಯಾಕ ಆಗವಲ್ದು.

ಜಯವ್ವ

*

ಬ್ಯಾಡಗಿ
೩೦ ಆಗಸ್ಟ್ ೨೦೦೫

ಚಿ. ಪುಷ್ಪಲತಾಗ ಆಶೀರ್ವಾದ.

ಹೋದ ಪತ್ರಕ್ಕ ನಿನ್ನ ಉತ್ತರ ಬರಲಿಲ್ಲ. ಏನ ಬರೀಬೇಕು ಅಂತ ತಿಳೀದ ಕುಂತೀದಿ ಅನ್ನೂದು ಈಗ ತಿಳೀತು.

ಮೈಲಾರೆಪ್ಪ ಬಂದಿದ್ದ. ಚಹಾ ಕುಡದು ಗೋದಾಮಿಗೆ ಹೋಗಿ, ಒಂದು ತತ್ತಿ ತಗೊಂಡು ಬ್ಲೇಡಲೆ ಸೀಳಿದ. ನಾ ಹಿಂದ ನಿಂತೇನಿ ಅಂತ ಅವಗ ಗೊತ್ತಿದ್ದಿಲ್ಲ. ಒಳಗ ಬೆರಳಿನಷ್ಟು ಹಾವು, ಸುತ್ತಿಕೊಂಡು ಮಲಗಿತ್ತು. ಕಣ್ಣು ಮೂಡಿದ್ದವು.

"ಖಾಲಿ ಅಂತ ನನ್ನ ಸೊಸಿ ಬರದಾಳಲ್ಲೋ ಯಪ್ಪಾ" ಅಂದೆ. ಅಂವ ಹೊಳ್ಳಿ ನೋಡಿ ಗಾಬರಿ ಆಗಿ, "ನಿಮ್ಮ ಸೊಸಿ ಹೇಳಬ್ಯಾಡ್ರಿ ಅಂತ ಕೈ ಮುಗದಾಳ್ರಿ ಯವ್ವಾ, ನಾ ಏನೂ ಹೇಳೂದಿಲ್ಲ" ಅಂದ. ಅಲ್ಲಿಗೆ ಎಲ್ಲಾ ಹೇಳಿದಂಗ ಆತು. ಅವನ್ನ ಕುಂದರಿಸಿ, ನಿನ್ನ ಪತ್ರ ತಗದು ಮತ್ತ ಓದಿದೆ. ನಾ ಹೊಳ್ಳಸತೇನಿ ಅಂತ ಬರದ ಮ್ಯಾಲ ನೀ ಮುಟ್ಟಬ್ಯಾಡ್ರಿ ಅಂದಿ. "ಹೊಳ್ಳಿಸಿದ್ದಕ್ಕೇನು?" ಅಂತ ಕೇಳಿದೆ. ಅಂವ ತಲಿ ಕೆಳಗ ಹಾಕಿದ.

ಎರಡು ದಿನ ಒಲಿ ಹಚ್ಚಲಿಲ್ಲ. ಮಗ ಮಾಡಿಟ್ಟ ಕಡೀ ಕೆಲಸಾ ನನ್ನ ಕೈಯಾರೆ ಕೆಡಿಸಿದೆ. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತಾರ. ನಾ ಎರಡೂ ಮಾಡಿದೆ. ಹತ್ತು ಮಂದಿ ಮುಂದ ನಿನಗ ಅಂದ ಮಾತು ಬಾಯಿಂದ ಹೊಂಟ ಹೋತು, ನುಂಗಾಕ ಬರಲಿಲ್ಲ. ನಿನಗ ಹೊಳ್ಳಿ ಅನ್ನಾಕ ಜಾಗಾ ಸಿಕ್ಕಿತ್ತು. ನೀ ಕೈಕಾಲಿಗೆ ಎಣ್ಣಿ ಹಚ್ಚಿಕೊಳ್ರಿ ಅಂತ ಬರದಿ. ಬೈದಿದ್ರ ನಾ ಇಷ್ಟು ಅಳತಿದ್ದಿಲ್ಲ.

ತತ್ತಿ ಎಲ್ಲಾ ಒಯ್ದು ಅವನ ಮಣ್ಣಿನ ಬಾಜೂಕ ಹುಗದು ಬಂದೆ. ಬಿಸ್ಮಿಲ್ಲಾಬಿ ಏನಾತು ಅಂತ ಕೇಳಿದ್ಲು. ಬೆಕ್ಕು ಗಡಿಗಿ ಉರುಳಿಸ್ತು ಅಂದೆ. ನೀ ನನಗೊಂದು ಸುಳ್ಳು ಹೇಳಿದಿ, ನಾ ಆಕಿಗೊಂದು ಹೇಳಿದೆ. ಇದರಾಗರ ನಾವು ಅತ್ತಿ ಸೊಸಿ ಸರೀಜೋಡಿ ಅದೇವಿ.

ಗಣಪ್ಪನ್ನ ಕಳಿಸಿದ ಮ್ಯಾಲ ಬರೂ ಐತವಾರ ಮೈಲಾರೆಪ್ಪ ಬಂದು ಹಳದಿ, ಉದ್ದಾಂವ ಎರಡನ್ನೂ ರಾಣೇಬೆನ್ನೂರ ಅಡವಿಗೆ ಒಯ್ತಾನ. ಮರಿ ಬಿಡೂ ದಿನ ಬರ್ತೇನಿ ಅಂದಿದ್ದಿ. ಮರಿ ಇಲ್ಲ. ಆದ್ರೂ ಬಾ. ಚೀಲದ ಬಾಯಿ ನಾ ಹಿಡೀತೇನಿ, ಈಗ ಅಂಜೂದಿಲ್ಲ. ತಲಿ ಕಡೆ ನೀ ಹಿಡಿ. ಅವು ಹೋದ ಮ್ಯಾಲ, ಅಂವ ಸಾಕಿದವರು ಅಂತ ಉಳಿಯೂದು ನಾವಿಬ್ರ. ನಮ್ಮನ್ನೂ ಹಿಂಗ ಒಬ್ಬೊಬ್ರನ್ನ ಒಂದೊಂದ ಕಡೆ ಬಿಟ್ಟಂಗ ಆಗೂದು ಬ್ಯಾಡ.

ನಾ ಮೆಣಸಿನಕಾಯಿ ಕೆಲಸಕ್ಕ ಹೋಗಿದ್ರ ಕೀಲಿಕೈ ಬಿಸ್ಮಿಲ್ಲಾಬಿ ಕಡೆ ಇರತೈತಿ. ಕೇಳಿ ಇಸಗೋ, ಬಾಗಲಾ ತಗದು ಒಳಗ ಕುಂದ್ರು. ಉಂಡಿ ಎತ್ತಿಟ್ಟದ್ದು ಹಂಗ ಐತಿ.

ನಿನ್ನ ಅತ್ತಿ,
ಜಯವ್ವ